ಓದುಗರ ಪ್ರಶ್ನೆ: ಬೇಲಿಯಿಲ್ಲದ ಮಂಗೋಲಿಯಾ

ಮಂಗೋಲಿಯಾದ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ತಿಂಗಳು ಇದೇ ಅಂಕಣದಲ್ಲಿ ಬರೆದಿದ್ದೆ. ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಚೆಂಗೀಸ್ ಖಾನನ ಕುರಿತೇ ಇವೆ. ಅವಕ್ಕೆಲ್ಲ ಸೇರಿ ಒಂದು ಉತ್ತರ ಬರೆದು, ಮಿಕ್ಕ ಜಾಗವನ್ನು ಈಗ ಅಲ್ಲಿ ಬಾಳುತ್ತಿರುವ ಜನರಿಗೆ ಮೀಸಲಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ರಾಜಧಾನಿ ಉಲಾನ್‌ಬಾತರ್‌ನ ಶಾಲೆಯೊಂದರಲ್ಲಿ ಕೆಲವು ವರ್ಷ ಗಣಿತ ಪಾಠ ಮಾಡಿದವಳು. ರಜೆ ಬಂದರೆ ಸಹೋದ್ಯೋಗಿ ಶಿಕ್ಷಕಿಯರ ಜೊತೆ ಅವರ ತವರಿನ ಹುಲ್ಲುಗಾವಲಿಗೆ ಹೊರಟುಬಿಡುತ್ತಿದ್ದೆ. ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಅಲ್ಲಿ ಕಂಡದ್ದು, ಕೇಳಿದ್ದು.

ಪ್ರಶ್ನೆ: ಮಂಗೋಲಿಯಾದಲ್ಲಿ ಚೆಂಗೀಸ್ ಖಾನನನ್ನು ಇವತ್ತಿಗೂ ಪೂಜಿಸುತ್ತಾರೆಯೇ? ಅವನ ಸಮಾಧಿ ಎಲ್ಲಿದೆ? (ಇತಿಹಾಸದ ಪದವಿ ವಿದ್ಯಾರ್ಥಿ)

ಸಮಾಧಿ ಎಲ್ಲಿದೆಯೆಂದು ಯಾರಿಗೂ ತಿಳಿದಿಲ್ಲ. ಹುಡುಕಬಾರದು ಎನ್ನುವವರೇ ಅಲ್ಲಿ ಹೆಚ್ಚು. ಸತ್ತವನು ತನ್ನ ನೆಲದಲ್ಲಿ ಮಲಗಿದ್ದಾನೆ, ಅಗೆಯುವುದೇಕೆ ಎನ್ನುತ್ತಾರೆ. ವಿಮಾನ ನಿಲ್ದಾಣಕ್ಕೆ ಅವನ ಹೆಸರಿದೆ, ದೊಡ್ಡ ನೋಟುಗಳ ಮೇಲೆ ಅವನ ಮುಖವಿದೆ. ರಾಜಧಾನಿಯಿಂದ ಸುಮಾರು 50 ಕಿ.ಮೀ. ಪೂರ್ವಕ್ಕೆ ಬಯಲಿನ ನಡುವೆ ಕುದುರೆಯೇರಿದ ಅವನ 40 ಮೀಟರ್ ಎತ್ತರದ ಉಕ್ಕಿನ ಪ್ರತಿಮೆ ನಿಲ್ಲಿಸಿದ್ದಾರೆ.

ಆದರೆ ಈ ಭಕ್ತಿಗೆ ತುಂಬ ವಯಸ್ಸಾಗಿಲ್ಲ. ಸೋವಿಯತ್ ನೆರಳಿನ ದಶಕಗಳಲ್ಲಿ ಅವನ ಹೆಸರನ್ನು ಹೊಗಳಿ ಹೇಳುವುದೇ ಅಪಾಯವಾಗಿತ್ತು. 1962ರಲ್ಲಿ ಅವನ ಎಂಟುನೂರನೇ ಹುಟ್ಟುಹಬ್ಬಕ್ಕೆ ದಾದಲ್ ಎಂಬ ಊರಿನಲ್ಲಿ ಸ್ಮಾರಕ ನಿಲ್ಲಿಸಿದರು. ಆ ಆಚರಣೆಯ ಹಿಂದಿದ್ದ ತೊಮೊರ್-ಓಚಿರ್ ಎಂಬ ಹಿರಿಯ ಪಕ್ಷನಾಯಕ ಅದೇ ವರ್ಷ ಪದವಿ ಕಳೆದುಕೊಂಡರು. 1990ರ ನಂತರವಷ್ಟೇ ಆ ಹೆಸರು ಬಾಯಿತುಂಬ ಹೊರಬಂತು. ರಾಜಧಾನಿಯ ಮುಖ್ಯ ಚೌಕಕ್ಕೆ 2013ರಲ್ಲಿ ಅವನ ಹೆಸರಿಟ್ಟು, 2016ರಲ್ಲಿ ಮತ್ತೆ ಹಳೆಯದಾದ, 1921ರ ಕ್ರಾಂತಿಯ ನಾಯಕ ಸುಖ್‌ಬಾತರ್ ಹೆಸರಿಗೇ ಮರಳಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಶಿಕ್ಷಕಿಯೊಬ್ಬರು ಶಾಲೆಯಲ್ಲಿ ಕಲಿತಾಗ ಅವನು ಕೊಲೆಗಡುಕ, ಅವರು ಕಲಿಸುವಾಗ ರಾಷ್ಟ್ರಪಿತ. ಈ ಎರಡನ್ನೂ ಒಂದೇ ಜನ್ಮದಲ್ಲಿ ಓದಬೇಕಾದವರ ಇತಿಹಾಸಪ್ರಜ್ಞೆ ಎಂಥದಿರಬಹುದು ಎಂದು ಯೋಚಿಸಿ.

ಪ್ರಶ್ನೆ: ಊರಿಂದೂರಿಗೆ ಅಲೆಯುವ ಜನರಿಗೆ ಪಹಣಿ, ವಿಳಾಸ, ಸರ್ಕಾರಿ ದಾಖಲೆ ಎಲ್ಲ ಹೇಗೆ? (ನಿವೃತ್ತ ಕಂದಾಯ ನಿರೀಕ್ಷಕರು)

ನಿಮ್ಮ ಇಲಾಖೆಯವರೇ ಕೇಳಬೇಕಾದ ಪ್ರಶ್ನೆ ಇದು. ದೇಶದ ವಿಸ್ತೀರ್ಣ 15.6 ಲಕ್ಷ ಚದರ ಕಿ.ಮೀ., ಅಂದರೆ ಕರ್ನಾಟಕದ ಎಂಟರಷ್ಟು. ಜನ ಸುಮಾರು 35 ಲಕ್ಷ. ಅದರಲ್ಲೂ ಅರ್ಧದಷ್ಟು ಜನ ಉಲಾನ್‌ಬಾತರ್ ಒಂದರಲ್ಲೇ ಇದ್ದಾರೆ. ಉಳಿದದ್ದು ಬಯಲು, ಬೆಟ್ಟ, ಗೋಬಿ ಮರುಭೂಮಿ.

ಹುಲ್ಲುಗಾವಲು ಯಾರ ಹೆಸರಿಗೂ ಇಲ್ಲ. 1992ರ ಸಂವಿಧಾನವೇ ಅದನ್ನು ಖಾಸಗಿ ಒಡೆತನಕ್ಕೆ ಕೊಡಬಾರದೆಂದು ಹೇಳುತ್ತದೆ. ಹಾಗೆಂದು ಯಾರು ಎಲ್ಲಿ ಬೇಕಾದರೂ ಬೀಡುಬಿಡಬಹುದು ಎಂದಲ್ಲ. ಗಾಳಿ ತಡೆಯುವ ಬೆಟ್ಟದ ಮಗ್ಗುಲಿನ ಚಳಿಗಾಲದ ನೆಲೆ ಇಂಥ ಕುಟುಂಬದ್ದು ಎಂಬುದು ಸುತ್ತಲಿನವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಆ ಕುಟುಂಬ ಅಲ್ಲಿಲ್ಲದಿದ್ದರೂ ಬೇರೆಯವರ ದನ ಅಲ್ಲಿ ಮೇಯುವುದಿಲ್ಲ. ಆ ಹುಲ್ಲನ್ನು ಚಳಿಗಾಲಕ್ಕೆ ಉಳಿಸಬೇಕು. ಅವರು ಗೊತ್ತುಗುರಿಯಿಲ್ಲದೆ ಅಲೆಯುವವರೂ ಅಲ್ಲ. ವರ್ಷಕ್ಕೆ ಎರಡೋ ನಾಲ್ಕೋ ಸಲ, ಗೋಬಿಯ ಕಡೆ ಮಳೆ ನೋಡಿಕೊಂಡು ಇನ್ನೂ ಹೆಚ್ಚು ಸಲ, ತಮಗೆ ಗೊತ್ತಿರುವ ಜಾಗಗಳ ನಡುವೆಯೇ ಸಾಗುತ್ತಾರೆ. ಪ್ರತಿಯೊಬ್ಬರೂ ಸುಮ್ ಎಂಬ ಆಡಳಿತ ಘಟಕಕ್ಕೆ ಸೇರಿದವರು. ಜನನ, ಮರಣ, ಮತದಾನ, ಜಾನುವಾರು ಗಣತಿ ಎಲ್ಲವೂ ಅಲ್ಲೇ. ಪ್ರತಿ ಡಿಸೆಂಬರ್‌ನಲ್ಲಿ ದೇಶದ ಅಷ್ಟೂ ಜಾನುವಾರುಗಳನ್ನು ಎಣಿಸುತ್ತಾರೆ.

2000ರಲ್ಲಿ ಸರ್ಕಾರ ‘ಒಂದು ಲಕ್ಷ ಸೌರ ಗೆರ್’ (ಗೆರ್ ಎಂದರೆ ಅವರ ಬಿಚ್ಚಿ ಕಟ್ಟುವ ಮನೆ) ಎಂಬ ಯೋಜನೆ ಹಾಕಿಕೊಂಡು, ರಿಯಾಯಿತಿ ದರದಲ್ಲಿ ದನಗಾಹಿ ಮನೆಗಳಿಗೆ ಸೌರಫಲಕ ಹಂಚಿತು. 2012ರ ಹೊತ್ತಿಗೆ ಗುರಿ ಮುಟ್ಟಿತು. ನಾನು ಹೋದ ಕಡೆಯೆಲ್ಲ ಬಾಗಿಲ ಪಕ್ಕದಲ್ಲೊಂದು ಫಲಕ, ಒಂದು ಡಿಶ್ ಆಂಟೆನಾ, ಒಳಗೆ ಚಾರ್ಜ್ ಆಗುತ್ತಿರುವ ಫೋನ್ ಇದ್ದೇ ಇರುತ್ತಿದ್ದವು. ವಿಳಾಸದ ತೊಡಕಿಗೆ ಅಂಚೆ ಸಂಸ್ಥೆ 2016ರಲ್ಲಿ ಹೊಸ ದಾರಿ ಹಿಡಿಯಿತು. ಭೂಮಿಯ ಮೂರು ಮೀಟರ್ ಚೌಕಕ್ಕೊಂದರಂತೆ ಮೂರು ಪದಗಳ ಹೆಸರು ಕೊಡುವ ವಾಟ್‌ಥ್ರೀವರ್ಡ್ಸ್ ವ್ಯವಸ್ಥೆಯನ್ನು ಇಡೀ ದೇಶಕ್ಕೆ ಒಪ್ಪಿಕೊಂಡಿತು.

ಇನ್ನೊಂದು ಸಂಗತಿ ನಿಮಗೆ ಹಿಡಿಸಬಹುದು: ಆ ದೇಶದ ರಾಜಧಾನಿಯೇ ಒಂದು ಕಾಲಕ್ಕೆ ಅಲೆಯುತ್ತಿತ್ತು. 1639ರಲ್ಲಿ ಗುಡಾರಗಳ ಮಠವಾಗಿ ಹುಟ್ಟಿದ ಊರು ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಇಪ್ಪತ್ತಕ್ಕೂ ಮಿಕ್ಕಿ ಸಲ ಜಾಗ ಬದಲಿಸಿ, 1778ರಲ್ಲಿ ಈಗಿರುವ ತೂಲ್ ನದಿಯ ಕಣಿವೆಯಲ್ಲಿ ನಿಂತಿತು. ದೇವರು, ಗ್ರಂಥ, ಸನ್ಯಾಸಿ, ವ್ಯಾಪಾರಿ ಎಲ್ಲರೂ ಒಟ್ಟಿಗೆ ಗಾಡಿ ಕಟ್ಟುತ್ತಿದ್ದರು.

ಪ್ರಶ್ನೆ: ಒಂದೇ ಕೋಣೆಯ ಗುಡಾರದಲ್ಲಿ ಇಡೀ ಸಂಸಾರ ಹೇಗೆ ನಡೆಯುತ್ತದೆ? ಅಷ್ಟು ಚಳಿಯಲ್ಲಿ ಮಕ್ಕಳ ಗತಿ? (ಗೃಹಿಣಿ)

ಅದನ್ನು ಗೆರ್ ಎನ್ನುತ್ತಾರೆ. ಗುಡಾರ ಎಂದರೆ ಅಲ್ಲಿನವರಿಗೆ ಬೇಸರ, ಅದು ಮನೆ. ಮಡಚಿ ಬಿಡಿಸಬಹುದಾದ ಮರದ ಜಾಲರಿಯೇ ಗೋಡೆ. ಸೂರಿನ ನಡುವೆ ಮರದ ದುಂಡು ಚೌಕಟ್ಟು, ಅದರಿಂದ ಗೋಡೆಯವರೆಗೆ ಇಳಿಬಿದ್ದ ಕೋಲುಗಳು, ಮೇಲೆ ಕುರಿಯ ಉಣ್ಣೆಯನ್ನು ನೆನೆಸಿ ಒತ್ತಿ ಮಾಡಿದ ದಪ್ಪ ಹೊದಿಕೆ. ಒಂದು ಮೊಳೆಯನ್ನೂ ಹೊಡೆಯದೆ, ಮಾತಾಡುತ್ತಾ ಮಾತಾಡುತ್ತಾ ಒಂದೆರಡು ಗಂಟೆಯಲ್ಲಿ ನಿಲ್ಲಿಸಿಬಿಡುತ್ತಾರೆ. ಚಳಿ ಹೆಚ್ಚಿದಂತೆ ಹೊದಿಕೆಯ ಪದರ ಹೆಚ್ಚಿಸುತ್ತಾರೆ. ಸೆಕೆಯಾದರೆ ಹೊದಿಕೆಯ ಕೆಳಅಂಚನ್ನು ಎತ್ತಿ ಕಟ್ಟುತ್ತಾರೆ, ಗಾಳಿ ಆಡುತ್ತದೆ.

ಬಾಗಿಲು ಯಾವತ್ತೂ ದಕ್ಷಿಣಕ್ಕೆ. ನಡುವೆ ಕಬ್ಬಿಣದ ಒಲೆ, ಅದರ ಹೊಗೆಕೊಳವೆ ಸೂರಿನ ಚೌಕಟ್ಟಿನಿಂದ ಹೊರಕ್ಕೆ. ಉರುವಲು ಒಣಗಿದ ಸಗಣಿ. ಉತ್ತರದ ತುದಿ ದೇವರಿಗೆ, ಹಿರಿಯರಿಗೆ, ಮುಖ್ಯ ಅತಿಥಿಗೆ. ಒಳಗೆ ಬಂದವರ ಎಡಗಡೆ ಗಂಡಸರ ಸಾಮಾನು: ಜೀನು, ಲಗಾಮು. ಬಲಗಡೆ ಹೆಂಗಸರದು: ಪಾತ್ರೆ, ಹಾಲು. ಹೊಸ್ತಿಲು ತುಳಿಯಬಾರದು. ಸೂರನ್ನು ಹೊತ್ತ ಎರಡು ಕಂಬಗಳ ನಡುವೆ ಹಾಯಬಾರದು. ಒಲೆಗೆ ಕಸ ಹಾಕಬಾರದು, ನೀರು ಸುರಿಯಬಾರದು, ಅದರ ಕಡೆ ಕಾಲು ಚಾಚಿ ಕೂರಬಾರದು. ಯಾರದಾದರೂ ಕಾಲಿಗೆ ನಿಮ್ಮ ಕಾಲು ತಾಗಿದರೆ ಆ ಕ್ಷಣವೇ ಕೈ ಕುಲುಕಬೇಕು. ಬಸ್ಸಿನ ನೂಕುನುಗ್ಗಲಿನಲ್ಲಿ ಕೂಡ ಅಪರಿಚಿತರು ನನ್ನ ಕಾಲು ತುಳಿದು ಕೈ ಚಾಚಿದ್ದಾರೆ.

ಮಕ್ಕಳ ಬಗ್ಗೆ ಕೇಳಿದಿರಿ. ಉಲಾನ್‌ಬಾತರ್ ಜಗತ್ತಿನ ಅತಿ ಚಳಿಯ ರಾಜಧಾನಿ. ವರ್ಷದ ಸರಾಸರಿ ಉಷ್ಣಾಂಶ ಸೊನ್ನೆಯ ಆಸುಪಾಸು, ಜನವರಿಯ ರಾತ್ರಿಗಳಲ್ಲಿ ಮೈನಸ್ 30 ಡಿಗ್ರಿಗಿಂತ ಕೆಳಕ್ಕೂ ಇಳಿಯುತ್ತದೆ. ಹುಲ್ಲುಗಾವಲಿನ ಗೆರ್‌ನಲ್ಲಿ ಮಕ್ಕಳು ಬೆಚ್ಚಗಿರುತ್ತಾರೆ. ನನಗೆ ಸಂಕಟವಾಗುವುದು ನಗರದಂಚಿನ ಗೆರ್ ಬಡಾವಣೆಗಳ ಮಕ್ಕಳನ್ನು ನೆನೆದರೆ. ಜಾನುವಾರು ಕಳೆದುಕೊಂಡವರು, ಕೆಲಸ ಹುಡುಕಿ ಬಂದವರು ಬೆಟ್ಟದ ಇಳಿಜಾರಿನಲ್ಲಿ ಗೆರ್ ಹೂಡಿದ್ದಾರೆ. ರಾಜಧಾನಿಯಲ್ಲಿ ಪ್ರತಿ ನಾಗರಿಕನಿಗೂ 700 ಚದರ ಮೀಟರ್‌ವರೆಗೆ ನಿವೇಶನ ಪಡೆಯುವ ಹಕ್ಕು ಕಾನೂನಿನಲ್ಲಿದೆ, ಆದರೆ ನಲ್ಲಿ ನೀರೂ ಒಳಚರಂಡಿಯೂ ಅಲ್ಲಿಗೆ ತಲುಪಿಲ್ಲ. ನೀರನ್ನು ಕ್ಯಾನಿನಲ್ಲಿ ತಳ್ಳುಗಾಡಿಯ ಮೇಲೆ ತರಬೇಕು. ಚಳಿಗೆ ಕಲ್ಲಿದ್ದಲು ಉರಿಸಬೇಕು. ಕಣಿವೆಯ ಊರಾದ್ದರಿಂದ ಹೊಗೆ ಮೇಲೇರದೆ ಅಲ್ಲೇ ಕೂರುತ್ತದೆ. 2019ರ ಮೇ ತಿಂಗಳಲ್ಲಿ ಹಸಿ ಕಲ್ಲಿದ್ದಲನ್ನು ನಿಷೇಧಿಸಿ ಅದರ ಬದಲು ಸಂಸ್ಕರಿಸಿದ ಇದ್ದಲಿನ ಉಂಡೆ ಕೊಡತೊಡಗಿದರು. ಆದರೂ ಡಿಸೆಂಬರ್ ಬಂತೆಂದರೆ ನನ್ನ ತರಗತಿಯಲ್ಲಿ ಕೆಮ್ಮು ನಿಲ್ಲುತ್ತಿರಲಿಲ್ಲ. ಒಲೆಯ ಮೇಲಿನ ಗೌರವವನ್ನು ಅಷ್ಟು ಕಾಪಾಡಿಕೊಂಡ ಜನಕ್ಕೆ ಅದೇ ಒಲೆ ಹೀಗೆ ಕಂಟಕವಾದದ್ದು ಬಡತನದಿಂದ, ಯೋಜನೆಯಿಲ್ಲದ ನಗರದಿಂದ. ಅದಕ್ಕೆ ಅವರ ಬದುಕಿನ ರೀತಿಯನ್ನು ದೂರುವುದು ಅನ್ಯಾಯ.

ಪ್ರಶ್ನೆ: ನಾನು ಸಸ್ಯಾಹಾರಿ. ಹೋದರೆ ಉಪವಾಸವೇ? (ಪ್ರವಾಸಪ್ರಿಯರು)

ನಾನೂ ಸಸ್ಯಾಹಾರಿ, ಉಪವಾಸವಿರಲಿಲ್ಲ. ಉಲಾನ್‌ಬಾತರ್‌ನಲ್ಲಿ ಹಾಲನ್ನೂ ಬಳಸದ ಅಪ್ಪಟ ಸಸ್ಯಾಹಾರಿ ಹೋಟೆಲುಗಳೇ ಹಲವಿವೆ. ಹಳ್ಳಿಗಾಡಿಗೆ ಹೋಗುವುದಾದರೆ ಜೂನ್‌ನಿಂದ ಆಗಸ್ಟ್ ಒಳಗೆ ಹೋಗಿ. ಚಳಿಗಾಲದಲ್ಲಿ ಮಾಂಸವೇ ಊಟ, ಬೇಸಿಗೆಯಲ್ಲಿ ಹಾಲಿನದೇ ರಾಜ್ಯ. ಕಾಯಿಸಿ ನೊರೆ ಎಬ್ಬಿಸಿ ತಣ್ಣಗಾಗಿಸಿದಾಗ ಬೆರಳು ದಪ್ಪ ಕಟ್ಟುವ ಕೆನೆ, ಗಿಣ್ಣು, ಮೊಸರನ್ನು ಹಿಂಡಿ ಗೆರ್‌ನ ಮಾಡಿನ ಮೇಲೆ ಒಣಹಾಕಿದ ಕಲ್ಲಿನಂಥ ತುಂಡುಗಳು. ಈ ಒಣಮೊಸರು ಹಲ್ಲಿಗೆ ಜಗ್ಗದು, ಬಾಯಲ್ಲಿಟ್ಟು ಗಂಟೆಗಟ್ಟಲೆ ಚೀಪಬೇಕು. ಚಹಾಕ್ಕೆ ಸಕ್ಕರೆಯಿಲ್ಲ, ಹಾಲು ಮತ್ತು ಉಪ್ಪು. ಸೌಟಿನಿಂದ ಎತ್ತೆತ್ತಿ ಹೊಯ್ದು ಕುದಿಸುತ್ತಾರೆ. ಒಂದು ವಾರಕ್ಕೆ ನಾಲಗೆ ಒಗ್ಗಿತು. ಈಗ ಚಳಿ ಬಿದ್ದ ದಿನ ಮನೆಯಲ್ಲಿ ನಾನೇ ಮಾಡಿಕೊಳ್ಳುತ್ತೇನೆ.

ಹೆಣ್ಣುಕುದುರೆಯ ಹಾಲು ಹುದುಗಿಸಿ ಮಾಡುವ ಐರಗ್ ಬಗ್ಗೆ ಅನೇಕರು ಕೇಳಿದ್ದಾರೆ. ಬಾಗಿಲ ಪಕ್ಕ ತೊಗಲಿನ ಚೀಲದಲ್ಲಿ ಹಾಲು ನೇತುಹಾಕಿ ಮರದ ಕಡೆಗೋಲಿನಿಂದ ದಿನಕ್ಕೆ ನೂರಾರು ಸಲ, ಸಾವಿರ ಸಲವಾದರೂ, ಕಡೆಯುತ್ತಾರೆ. ಬಂದುಹೋಗುವವರೂ ನಾಲ್ಕು ಸಲ ಕಡೆದೇ ಮುಂದೆ ಹೋಗುವುದು ರೂಢಿ. ಕುದುರೆ ಒಮ್ಮೆಗೆ ಕೊಡುವ ಹಾಲು ಸ್ವಲ್ಪ, ಅದೂ ಮರಿ ಪಕ್ಕದಲ್ಲಿದ್ದರೆ ಮಾತ್ರ. ಹಾಗಾಗಿ ಹೆಂಗಸರು ಹಗಲೆಲ್ಲ ಒಂದೆರಡು ಗಂಟೆಗೊಮ್ಮೆ ಕರೆಯುತ್ತಲೇ ಇರಬೇಕು. ಐರಗ್ ಹುಳಿಯಾಗಿರುತ್ತದೆ, ಸ್ವಲ್ಪ ಮದ್ಯಾಂಶವೂ ಇರುತ್ತದೆ. ಬೇಡವಾದರೆ ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಂಡು ತುಟಿಗೆ ತಾಗಿಸಿ ಹಿಂದಿರುಗಿಸಿ, ಯಾರೂ ಒತ್ತಾಯಿಸುವುದಿಲ್ಲ.

ಪ್ರಶ್ನೆ: ಮಂಗೋಲಿಯಾದಲ್ಲಿ ಒಂದೇ ಚಳಿಗಾಲದಲ್ಲಿ ಲಕ್ಷಗಟ್ಟಲೆ ಜಾನುವಾರು ಸಾಯುತ್ತವೆ ಎಂದು ಓದಿದೆ. ಚಳಿಗೆ ಒಗ್ಗಿದ ಪ್ರಾಣಿಗಳು ಚಳಿಗೆ ಸಾಯುವುದೇಕೆ? (ನಿವೃತ್ತ ಪಶುವೈದ್ಯರು)

ಸಾಯುವುದು ಹಸಿವಿನಿಂದ. ಚಳಿ ಕೊನೆಯ ಏಟು ಕೊಡುತ್ತದೆ ಅಷ್ಟೆ. ಈ ವಿಪತ್ತಿಗೆ ಅಲ್ಲಿ ಜುಡ್ ಎನ್ನುತ್ತಾರೆ, ಅದರಲ್ಲಿ ಬಗೆಗಳಿವೆ. ಹಿಮ ಆಳವಾಗಿ ಬಿದ್ದು ಹುಲ್ಲು ಮುಚ್ಚಿಹೋದರೆ ಬಿಳಿ ಜುಡ್. ಹಿಮವೇ ಬೀಳದೆ, ಬಾವಿ ಹೆಪ್ಪುಗಟ್ಟಿ, ಕುಡಿಯಲು ಏನೂ ಸಿಗದಿದ್ದರೆ ಕಪ್ಪು ಜುಡ್. ಎಲ್ಲಕ್ಕಿಂತ ಭಯ ಹುಟ್ಟಿಸುವುದು ಕಬ್ಬಿಣದ ಜುಡ್: ಬಿದ್ದ ಹಿಮ ಒಂದೆರಡು ದಿನದ ಬಿಸಿಲಿಗೆ ಕರಗಿ ರಾತ್ರಿಯ ಚಳಿಗೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಸಾಮಾನ್ಯ ಹಿಮವಾದರೆ ಕುದುರೆ ಗೊರಸಿನಿಂದ ಕೆರೆದು ಹುಲ್ಲು ತೆಗೆಯುತ್ತದೆ, ಅದರ ಹಿಂದೆ ಕುರಿ ಮೇಯುತ್ತದೆ. ಮಂಜುಗಡ್ಡೆಯ ಮುಂದೆ ಕುದುರೆಯ ಆಟ ನಡೆಯದು, ಕಾಲಿನಿಂದ ರಕ್ತ ಬರುತ್ತದೆ. ಹುಲ್ಲು ಕಣ್ಣಿಗೆ ಕಾಣುತ್ತದೆ, ಬಾಯಿಗೆ ಸಿಗುವುದಿಲ್ಲ.

ನೀವು ಪಶುವೈದ್ಯರು, ಮುಂದಿನದನ್ನು ಊಹಿಸಿಯೇ ಇರುತ್ತೀರಿ. ಜುಡ್‌ನ ಬೇರು ಹಿಂದಿನ ಬೇಸಿಗೆಯಲ್ಲಿರುತ್ತದೆ. ಮಳೆ ಕೈಕೊಟ್ಟು ಹುಲ್ಲು ಬೆಳೆಯದಿದ್ದರೆ ಪ್ರಾಣಿ ಮೈಗೆ ಕೊಬ್ಬು ತುಂಬಿಕೊಳ್ಳದೆ ಚಳಿಗಾಲಕ್ಕೆ ಕಾಲಿಡುತ್ತದೆ. ಹಾಗೂ ಹೀಗೂ ಫೆಬ್ರುವರಿ ದಾಟಿದರೂ, ವಸಂತದಲ್ಲಿ ಮರಿ ಹಾಕುವ ಹೊತ್ತಿಗೆ ತಾಯಿ ಕುಸಿದು ಬೀಳುತ್ತದೆ. 2009–10ರ ಚಳಿಗಾಲದಲ್ಲಿ 80 ಲಕ್ಷಕ್ಕೂ ಹೆಚ್ಚು, 2023–24ರಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರು ಹೋದವು. ಒಂದು ದಶಕಕ್ಕೊಮ್ಮೆ ಬರುತ್ತಿದ್ದದ್ದು ಈಗ ಬೇಗಬೇಗ ಬರುತ್ತಿದೆ. 1940ರಿಂದ ಈಚೆಗೆ ಅಲ್ಲಿನ ಸರಾಸರಿ ಉಷ್ಣಾಂಶ 2 ಡಿಗ್ರಿಗೂ ಹೆಚ್ಚು ಏರಿದೆ. ಜಗತ್ತು ಬಿಸಿಯಾಗುತ್ತಿದೆ, ಅದರ ಫಲವಾಗಿ ಇವರ ಕುರಿ ಹಿಮದಲ್ಲಿ ಸಾಯುತ್ತಿದೆ.

ಜೊತೆಗೆ ಆಡಿನ ಪ್ರಶ್ನೆಯಿದೆ. ಸಮಾಜವಾದಿ ಕಾಲದ ಸಹಕಾರಿ ಪಶುಸಂಘಗಳು 1990ರ ದಶಕದ ಆರಂಭದಲ್ಲಿ ಮುರಿದುಬಿದ್ದು ಜಾನುವಾರು ಕುಟುಂಬಗಳ ಕೈಗೆ ಬಂತು. ಕೈಗೆ ಕಾಸು ಕೊಡುತ್ತಿದ್ದದ್ದು ಆಡಿನ ಒಳಗೂದಲಾದ ಕ್ಯಾಶ್‌ಮೀರ್. ಈ ನೂಲಿನ ಉತ್ಪಾದನೆಯಲ್ಲಿ ಚೀನಾದ ನಂತರದ ಸ್ಥಾನ ಮಂಗೋಲಿಯಾದ್ದು. ಹೀಗಾಗಿ ಆಡಿನ ಸಂಖ್ಯೆ ಏರುತ್ತಾ ಹೋಯಿತು. 2019ರಲ್ಲಿ ದೇಶದ ಏಳು ಕೋಟಿ ಜಾನುವಾರುಗಳಲ್ಲಿ ಐದರಲ್ಲಿ ಎರಡು ಪಾಲು ಆಡುಗಳೇ. ಆಡು ಹುಲ್ಲನ್ನು ಬುಡಸಮೇತ ಕೀಳುತ್ತದೆ. ದನಗಾಹಿಗಳಿಗೆ ಇದು ಗೊತ್ತಿಲ್ಲವೆಂದಲ್ಲ. ಮಗಳ ಕಾಲೇಜು ಶುಲ್ಕ ವಸಂತದ ಕೂದಲಿನಿಂದಲೇ ಬರಬೇಕು ಎಂದು ನನ್ನ ಆತಿಥೇಯ ತಾಯಿ ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂಗಡಿಯಲ್ಲಿ ಅಗ್ಗದ ಕ್ಯಾಶ್‌ಮೀರ್ ಸ್ವೆಟರ್ ಕಂಡಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಪಶುವೈದ್ಯರಿಗೆಂದೇ ಇನ್ನೊಂದು. ಗೋಬಿಯಲ್ಲಿ ಕಷ್ಟದ ಹೆರಿಗೆಯಾದ ಒಂಟೆ ಕೆಲವೊಮ್ಮೆ ತನ್ನ ಮರಿಯನ್ನು ಹತ್ತಿರ ಸೇರಿಸುವುದಿಲ್ಲ, ಹಾಲೂಡುವುದಿಲ್ಲ. ಆಗ ಹಾಡುವವರನ್ನು ಕರೆಸುತ್ತಾರೆ, ಹೆಚ್ಚಾಗಿ ಹೆಂಗಸರು. ಕುದುರೆತಲೆಯ ಕೆತ್ತನೆಯಿರುವ ಎರಡು ತಂತಿಯ ವಾದ್ಯ ನುಡಿಸುತ್ತಾ, ಒಂಟೆಯ ಕೊರಳು ನೇವರಿಸುತ್ತಾ, ‘ಖೊಸ್, ಖೊಸ್’ ಎಂಬ ಒಂದೇ ಸೊಲ್ಲನ್ನು ರಾಗವಾಗಿ ಗಂಟೆಗಟ್ಟಲೆ ಹಾಡುತ್ತಾರೆ. ನಾನು ನೋಡಿದ ಸಲ ಬೆಳಗಿನಿಂದ ಒದೆಯುತ್ತಿದ್ದ ಒಂಟೆ ಸಂಜೆ ಸುಮ್ಮನಾಯಿತು, ಕಣ್ಣಿನಿಂದ ನೀರಿಳಿಯಿತು, ಮರಿಯನ್ನು ಕೆಚ್ಚಲಿಗೆ ಬಿಟ್ಟುಕೊಂಡಿತು. 2015ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಂಟೆ ಸಾಕುವ ಮನೆಗಳು ಕಡಿಮೆಯಾದಂತೆ ಹಾಡುವವರೂ ಕಡಿಮೆಯಾಗಿದ್ದಾರೆ.

ಪ್ರಶ್ನೆ: ಮಿಸ್, ಅಲ್ಲಿ ಹುಡುಗಿಯರನ್ನು ಶಾಲೆಗೆ ಕಳಿಸುತ್ತಾರಾ? (ಹತ್ತನೇ ತರಗತಿ ವಿದ್ಯಾರ್ಥಿನಿ)

ಕಳಿಸುತ್ತಾರೆ ಪುಟ್ಟಿ, ಹುಡುಗರಿಗಿಂತ ಮುಂದಕ್ಕೂ ಓದಿಸುತ್ತಾರೆ. ದೇಶದ ಸಾಕ್ಷರತೆ ನೂರಕ್ಕೆ 98ರಷ್ಟು. ವಿಶ್ವವಿದ್ಯಾಲಯಗಳಲ್ಲಿ ಹುಡುಗಿಯರೇ ಹೆಚ್ಚು. ವೈದ್ಯರು, ಶಿಕ್ಷಕರಲ್ಲಿ ಹೆಂಗಸರದೇ ಮೇಲುಗೈ. ದನ ಕಾಯಲು, ಕುದುರೆ ಪಳಗಿಸಲು ಮಗ ಬೇಕು, ಮಗಳಿಗೆ ಓದೇ ಆಸ್ತಿ ಎಂಬ ಲೆಕ್ಕಾಚಾರ ಅನೇಕ ಮನೆಗಳಲ್ಲಿದೆ. ಇದರಿಂದ ಅನ್ಯಾಯವಾಗುವುದು ಹುಡುಗರಿಗೆ. ನನ್ನ ತರಗತಿಯಲ್ಲಿ ಲೆಕ್ಕದಲ್ಲಿ ಚುರುಕಾಗಿದ್ದ ಒಬ್ಬ ಹುಡುಗ ಒಂದು ಜುಡ್ ಕಳೆದ ಮೇಲೆ ಮರಳಿ ಬರಲೇ ಇಲ್ಲ. ಅಪ್ಪನಿಗೆ ಕೈ ಬೇಕಾಗಿತ್ತು.

ಹುಲ್ಲುಗಾವಲಿನ ಮಕ್ಕಳು ಸುಮ್ ಕೇಂದ್ರದ ಸರ್ಕಾರಿ ಹಾಸ್ಟೆಲಿನಲ್ಲಿದ್ದು ಓದುತ್ತಾರೆ, ಕೆಲವರು ಆರು ವರ್ಷಕ್ಕೇ. ಚಿಕ್ಕವರು ಮೊದಲ ತಿಂಗಳು ರಾತ್ರಿಯೆಲ್ಲ ಅಳುತ್ತಾರಂತೆ. ಸಾಧ್ಯವಾದ ಮನೆಗಳಲ್ಲಿ ತಾಯಿಯೋ ಅಜ್ಜಿಯೋ ಶಾಲೆಯ ಹತ್ತಿರ ಇನ್ನೊಂದು ಗೆರ್ ಹೂಡುತ್ತಾರೆ.

ಪ್ರಶ್ನೆ: ಅವರ ಹೆಸರುಗಳಲ್ಲಿ ಮನೆತನದ ಹೆಸರೇ ಇರುವುದಿಲ್ಲವಂತೆ? (ಬ್ಯಾಂಕ್ ಉದ್ಯೋಗಿ)

ದಿನಬಳಕೆಗೆ ಒಂದೇ ಹೆಸರು, ಅದರ ಹಿಂದೆ ತಂದೆಯ ಹೆಸರು. ಕುಲದ ಹೆಸರುಗಳನ್ನು 1920ರ ದಶಕದಲ್ಲಿ ಸಮಾಜವಾದಿ ಸರ್ಕಾರ ನಿಷೇಧಿಸಿತ್ತು. 1990ರ ದಶಕದಲ್ಲಿ ಮತ್ತೆ ಇಟ್ಟುಕೊಳ್ಳಿ ಎಂದಾಗ ಬಹಳ ಮಂದಿಗೆ ತಮ್ಮ ಕುಲ ಯಾವುದೆಂದು ಮರೆತೇಹೋಗಿತ್ತು. ಎಷ್ಟೋ ಜನ ಚೆಂಗೀಸ್ ಖಾನನ ಕುಲವಾದ ಬೊರ್ಜಿಗಿನ್ ಬರೆಸಿಕೊಂಡರು. 1981ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಂಗೋಲ ಗುರ್ರಗ್‌ಚಾ ಅವರು ‘ಬ್ರಹ್ಮಾಂಡ’ ಎಂಬ ಅರ್ಥದ ಸನ್ಸರ್ ಎಂಬುದನ್ನೇ ಆರಿಸಿಕೊಂಡರು. ಮಕ್ಕಳು ಉಳಿಯದ ಮನೆಗಳಲ್ಲಿ ಕೆಟ್ಟ ದೃಷ್ಟಿ ಬೀಳದಿರಲೆಂದು ‘ಹೆಸರಿಲ್ಲ’, ‘ಇದಲ್ಲ’, ‘ಮನುಷ್ಯನಲ್ಲ’ ಎಂಬ ಅರ್ಥದ ಹೆಸರಿಡುತ್ತಿದ್ದರು. ನಮ್ಮಲ್ಲಿ ತಿಪ್ಪಣ್ಣ, ಗುಂಡಪ್ಪ ಎಂದು ಇಟ್ಟ ತಾಯಂದಿರ ಮನಸ್ಸೇ ಅದು.

ಪ್ರಶ್ನೆ: ನಾದಮ್ ಹಬ್ಬದ ಕುಸ್ತಿಯ ಬಗ್ಗೆ ತಿಳಿಸಿ. (ಗರಡಿಮನೆಯ ಹುಡುಗ)

ಪ್ರತಿ ವರ್ಷ ಜುಲೈ 11ರಿಂದ 13. ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆ. ಕುಸ್ತಿಯಲ್ಲಿ ತೂಕದ ವಿಭಾಗಗಳಿಲ್ಲ, ಯಾರ ಮೇಲೆ ಯಾರು ಬೇಕಾದರೂ ಬೀಳಬಹುದು. ಮಂಡಿಯೋ ಮೊಣಕೈಯೋ ನೆಲ ಮುಟ್ಟಿದರೆ ಸೋಲು. ಗೆದ್ದವರಿಗೆ ಗಿಡುಗ, ಆನೆ, ಸಿಂಹ ಎಂದು ಏರುವ ಬಿರುದುಗಳಿವೆ. ಜಪಾನಿನ ಸುಮೊ ಕಣದಲ್ಲಿ 45 ಪ್ರಶಸ್ತಿ ಗೆದ್ದು ದಾಖಲೆ ಬರೆದ ಹಕುಹೊ ಇದೇ ನೆಲದವರು. ಅವರ ತಂದೆಯೂ ಮಂಗೋಲಿಯಾದ ದೊಡ್ಡ ಪೈಲ್ವಾನರು. ಕುದುರೆ ಓಟದಲ್ಲಿ ನನಗೆ ಇಷ್ಟವಾದದ್ದೆಂದರೆ, ಎರಡು ವರ್ಷದ ಮರಿಗಳ ಓಟದಲ್ಲಿ ಕಡೆಯದಾಗಿ ಬಂದ ಕುದುರೆಗೂ ಒಂದು ಹಾಡು ಹಾಡಿ, ಮುಂದಿನ ವರ್ಷ ಮೊದಲು ಬಾ ಎಂದು ಹರಸುತ್ತಾರೆ. ಓಡಿಸುವವರು ಮಾತ್ರ ಚಿಕ್ಕ ಮಕ್ಕಳು, ಬಿದ್ದು ಸತ್ತವರೂ ಇದ್ದಾರೆ. ಅದನ್ನು ನಾನು ಒಪ್ಪಲಾರೆ, ಅಲ್ಲಿಯೂ ಒಪ್ಪದವರು ಬಹಳ ಮಂದಿ.

ಪ್ರಶ್ನೆ: ಭಾರತಕ್ಕೂ ಅವರಿಗೂ ನಂಟೇನು? (ನಿವೃತ್ತ ಅಧ್ಯಾಪಕರು)

ಸಮಾಜವಾದಿ ಗುಂಪಿನ ಹೊರಗೆ ಮಂಗೋಲಿಯಾದ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿದ ಮೊದಲ ದೇಶ ಭಾರತ, 1955ರಲ್ಲಿ. ಆದರೆ ಅಲ್ಲಿನ ಸಾಮಾನ್ಯರ ಬಾಯಲ್ಲಿ ನಾನು ಕೇಳಿದ್ದು ಒಂದು ಹೆಸರು: ಕುಶೊಕ್ ಬಕುಲ ರಿಂಪೊಚೆ. ಲಡಾಖಿನ ಈ ಬೌದ್ಧ ಗುರು 1990ರಿಂದ ಹತ್ತು ವರ್ಷ ನಮ್ಮ ರಾಯಭಾರಿಯಾಗಿದ್ದರು. 1930ರ ದಶಕದ ದಮನದಲ್ಲಿ ನೂರಾರು ಮಠಗಳು ನೆಲಸಮವಾಗಿ, ಸಾವಿರಾರು ಸನ್ಯಾಸಿಗಳು ಕೊಲೆಯಾಗಿದ್ದ ನಾಡದು. ಬಕುಲ ಅವರು ಅಲ್ಲಿಗೆ ಹೋದ 1990ರಲ್ಲೇ ಪ್ರಜಾಪ್ರಭುತ್ವಕ್ಕಾಗಿ ಯುವಕರು ಮೈ ಕೊರೆಯುವ ಚಳಿಯಲ್ಲಿ ಉಪವಾಸ ಕೂತರು. ಮಾರ್ಚ್‌ನಲ್ಲಿ ಆಳುತ್ತಿದ್ದ ಪಕ್ಷದ ಉನ್ನತ ಮಂಡಳಿಯಾದ ಪಾಲಿಟ್‌ಬ್ಯೂರೊ ರಾಜೀನಾಮೆ ಕೊಟ್ಟಿತು, ಗುಂಡು ಹಾರಲಿಲ್ಲ. ಆಮೇಲೆ ಬಕುಲ ಅವರು ಮುಚ್ಚಿದ್ದ ಮಠಗಳ ಬಾಗಿಲು ತೆರೆಸಲು ಊರೂರು ತಿರುಗಿದರು. ಉಲಾನ್‌ಬಾತರ್‌ನಲ್ಲಿ ಅವರೇ ಕಟ್ಟಿಸಿದ ಮಠ ಇಂದಿಗೂ ನಡೆಯುತ್ತಿದೆ. ನಾನು ಭಾರತದವಳೆಂದು ತಿಳಿದೊಡನೆ ಮುದುಕಿಯರು ಕೈ ಹಿಡಿದುಕೊಳ್ಳುತ್ತಿದ್ದದ್ದು ಅವರ ಪುಣ್ಯದಿಂದ.

ಪ್ರಶ್ನೆ: ಮೇಲಿನಿಂದ ಕೆಳಕ್ಕೆ ಬರೆಯುವ ಅವರ ಲಿಪಿ ಇನ್ನೂ ಬಳಕೆಯಲ್ಲಿದೆಯೇ? (ಡಿ.ಟಿ.ಪಿ. ಕೆಲಸದವರು)

ಸತ್ತುಹೋಯಿತು ಎಂದುಕೊಂಡವರ ಎದುರೇ ಮರಳಿ ಬರುತ್ತಿದೆ. 1940ರ ದಶಕದಲ್ಲಿ ರಷ್ಯನ್ ಅಕ್ಷರಗಳು ಅಧಿಕೃತವಾದ ಮೇಲೆ ಎರಡು ತಲೆಮಾರು ಹಳೆಯ ಲಿಪಿ ಓದಲಾರದೆ ಬೆಳೆಯಿತು. 1990ರ ನಂತರ ಶಾಲೆಗಳಲ್ಲಿ ಮತ್ತೆ ಕಲಿಸತೊಡಗಿದರು. 2015ರ ಭಾಷಾ ಕಾನೂನಿನ ಪ್ರಕಾರ 2025ರ ಜನವರಿಯಿಂದ ಸರ್ಕಾರಿ ಕಾಗದಪತ್ರಗಳು ಎರಡೂ ಲಿಪಿಗಳಲ್ಲಿರಬೇಕು. ಅಕ್ಷರಗಳು ಮೇಲಿಂದ ಕೆಳಕ್ಕೆ ಜೋಡಿಕೊಂಡು, ಸಾಲುಗಳು ಎಡದಿಂದ ಬಲಕ್ಕೆ ಸಾಗುತ್ತವೆ. ಒಂದೇ ಅಕ್ಷರ ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬೇರೆಬೇರೆ ರೂಪ ತಾಳುತ್ತದೆ. ಅಡ್ಡಸಾಲಿಗೆಂದೇ ಮಾಡಿದ ತಂತ್ರಾಂಶಗಳಲ್ಲಿ ಇದನ್ನು ಕೂರಿಸುವುದು ಎಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಶಾಲೆಯಲ್ಲಿ ಮಕ್ಕಳು ಕುಂಚ ಹಿಡಿದು ಕಲಿಯುತ್ತಿದ್ದರು, ಮನೆಗೆ ಹೋಗಿ ಅಪ್ಪ-ಅಮ್ಮನಿಗೆ ಹೇಳಿಕೊಡುತ್ತಿದ್ದರು.